ನಾಲ್ಕು ಹಿತ್ತಾಳೆ ಬೆಲ್ಟು

ಏಳನೆಯ ಕಂತು

"ಬೀಗ ಮುರಿದಿಲ್ಲ, ಮುದ್ರಿ ಒಡೆದಿಲ್ಲ. ಹಂಗಾದ್ರ ಈ ಕುರ್ಚಿ ಎಲ್ಲಿಂದ ಬಂತ್ರೀ ಪೀರಪ್ಪನವರ?"

ಸಬ್ ಇನ್‌ಸ್ಪೆಕ್ಟರ್ ಜಟ್ಟೆಮ್ಮ ಎಡಗೈಯಲ್ಲಿ ಫೋಟೊ, ಬಲಗೈಯಲ್ಲಿ ಭೂತಗನ್ನಡಿ ಹಿಡಿದು ಮೇಜಿನ ಮೇಲೆ ಬಾಗಿದ್ದಳು. ಕನ್ನಡಿಯ ಕೆಳಗಿದ್ದದ್ದು ಒಂದು ಪುಟ್ಟ ವಿಮಾನ. ಮೂಗಿನಿಂದ ಬಾಲದವರೆಗೆ ಒಂದು ಗೇಣು. ರೆಕ್ಕೆ ಕೂಡಿಸಿ ಆಗಿತ್ತು, ಬಣ್ಣ ಹಚ್ಚಿರಲಿಲ್ಲ. ಪೈಲಟ್ ಕೂರುವ ಗೂಡಿಗೆ ಇನ್ನೂ ಗಾಜಿನ ಮುಚ್ಚಳ ಬಿದ್ದಿರಲಿಲ್ಲ.

ಆ ಗೂಡಿನಲ್ಲಿ ಈಗ ಒಂದು ಕುರ್ಚಿ ಇತ್ತು. ಅವರೆಕಾಳಿನಷ್ಟು ಕುರ್ಚಿ. ಹೆಗಲ ಮೇಲಿಂದ ಎರಡು, ಸೊಂಟದ ಪಕ್ಕದಿಂದ ಎರಡು, ಒಟ್ಟು ನಾಲ್ಕು ಹಿತ್ತಾಳೆ ಬೆಲ್ಟುಗಳು ಅದರ ಮೇಲೆ ಇಳಿಬಿದ್ದಿದ್ದವು. ಒಂದೊಂದಕ್ಕೂ ಎಳ್ಳಿನ ಅರ್ಧದಷ್ಟು ಬಕಲ್ಲು.

ಫೋಟೊದಲ್ಲಿ ಗೂಡು ಖಾಲಿ.

ಫೋಟೊ ಒಂಬತ್ತು ದಿನದ ಹಿಂದಿನದು. ಆ ಮಂಗಳವಾರ ಬೆಳಿಗ್ಗೆ ಸಿ.ವಿ. ರಾಮನ್ ನಗರದ ಈ ಮನೆಯ ಹೊರಮೆಟ್ಟಿಲ ಬುಡದಲ್ಲಿ ಅರವತ್ತೆಂಟರ ಲಕ್ಷ್ಮಿಕಾಂತನ ಹೆಣ ಸಿಕ್ಕಿತ್ತು; ಜಾರಿ ಬಿದ್ದಿದ್ದಾನೆ ಎಂದು ಎಲ್ಲರೂ ಒಪ್ಪಿದ್ದರು, ಜಟ್ಟೆಮ್ಮ ಒಬ್ಬಳನ್ನು ಬಿಟ್ಟು. ಮಹಜರು ಮುಗಿಸಿ, ಮೊದಲ ಮಹಡಿಯ ಬಾಗಿಲಿಗೆ ಬೀಗ ಜಡಿದು, ಅರಗಿನ ಮುದ್ರೆ ಒತ್ತಿ ಹೋಗಿದ್ದರು. ಇವತ್ತು ಗುರುವಾರ. ಆ ಮುದ್ರೆಯನ್ನು ಹತ್ತು ನಿಮಿಷದ ಹಿಂದೆ ಅವಳೇ ಒಡೆದಿದ್ದಳು.

ಹೆಡ್ ಕಾನ್‌ಸ್ಟೇಬಲ್ ಪೀರಪ್ಪ ಹೊಸ್ತಿಲಲ್ಲೇ ನಿಂತಿದ್ದ. "ನಾನೇ ಒತ್ತಿದ ಮುದ್ರಿ ಅದು. ಕೂದಲೆಳಿ ಅಲ್ಲಾಡಿಲ್ರಿ."

"ಕುರ್ಚಿ ಮಾತ್ರ ಬಂದು ಕುಂತದ."

ಪೀರಪ್ಪ ಕೈಯಲ್ಲಿದ್ದ ಬೀಗವನ್ನು ತಿರುಗಿಸಿ ನೋಡಿದ.

ಜಟ್ಟೆಮ್ಮ ಮತ್ತೆ ಬಾಗಿದಳು. ವಿಮಾನದ ಪಕ್ಕದಲ್ಲಿ ಬೀಡಿ ಕಟ್ಟಿನ ಕಾಗದದಷ್ಟು ತೆಳ್ಳಗಿನ ಒಂದು ಹಿತ್ತಾಳೆ ತಗಡು ಬಿದ್ದಿತ್ತು. ಆ್ಯಸಿಡ್‌ನಲ್ಲಿ ಕೊರೆದ ತಗಡು. ಪೆಡಲು, ಹಿಡಿಕೆ, ಗಡಿಯಾರದ ಫಲಕ, ಎಲ್ಲ ಸಣ್ಣ ಸಣ್ಣ ಕೊಂಡಿಗಳಲ್ಲಿ ತಗಡಿಗೇ ಅಂಟಿಕೊಂಡಿದ್ದವು. ಬ್ಲೇಡಿನ ತುದಿಯಿಂದ ಒಂದೊಂದನ್ನೇ ಬಿಡಿಸಿ, ಚಿಮಟದಲ್ಲಿ ಎತ್ತಿ, ಸೂಜಿಮೊನೆಯಷ್ಟು ಅಂಟು ಹಚ್ಚಿ ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೆ ಹಾರಿ ಹೋಗುವ ವಸ್ತು.

ತಗಡಿನಲ್ಲಿ ನಾಲ್ಕು ಬೆಲ್ಟುಗಳ ಜಾಗ ಖಾಲಿ ಇತ್ತು. ಅವಳು ಫೋಟೊ ನೋಡಿದಳು. ಅದರಲ್ಲೂ ಆ ನಾಲ್ಕು ಜಾಗ ಖಾಲಿಯೇ.

ಎಂದರೆ ಲಕ್ಷ್ಮಿಕಾಂತ ಸಾಯುವ ಮೊದಲೇ ಬೆಲ್ಟುಗಳು ತಗಡಿನಿಂದ ಹೊರಬಂದಿದ್ದವು. ಆದರೆ ಮನೆಯಲ್ಲಿ ಇರಲಿಲ್ಲ. ಎಲ್ಲಿಗೋ ಹೋಗಿ, ಆತ ಸತ್ತ ಮೇಲೆ, ಕುರ್ಚಿಯ ಜೊತೆ ವಾಪಸು ಬಂದಿವೆ.

ಅವಳು ಗೋಡೆಯ ಗಾಜಿನ ಕಪಾಟು ತೆರೆದಳು. ಮೂವತ್ತೇಳು ವಿಮಾನಗಳು. ಪ್ರತಿಯೊಂದರ ಕೆಳಗೂ ಮುಗಿಸಿದ ತಿಂಗಳು ಬರೆದ ಚೀಟಿ. ವಿಮಾನ ಕಾರ್ಖಾನೆಯ ಉಪಕರಣ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದವನ ಅಚ್ಚುಕಟ್ಟು. ಮದುವೆಯಾಗಲಿಲ್ಲ, ಒಡಹುಟ್ಟಿದವರಿಲ್ಲ. ಫ್ರಿಜ್ಜಿನ ಮೇಲೆ ದಪ್ಪ ಅಕ್ಷರದಲ್ಲಿ ನಂಬರುಗಳ ಪಟ್ಟಿ ಅಂಟಿಸಿದ್ದ: ಗ್ಯಾಸು, ಹಾಲು, ಕರೆಂಟು, ನೀರಿನ ಟ್ಯಾಂಕರು. ಒಬ್ಬ ಮನುಷ್ಯನ ಹೆಸರೂ ಅದರಲ್ಲಿರಲಿಲ್ಲ.

ಬದುಕಿದ್ದಾಗ ಈ ಮನುಷ್ಯನನ್ನು ಜಟ್ಟೆಮ್ಮ ಒಮ್ಮೆಯೂ ನೋಡಿದವಳಲ್ಲ. ಆದರೂ ಆ ಪಟ್ಟಿಯ ಮುಂದೆ ನಿಂತಾಗ ಕೆ.ಆರ್. ಪುರದ ತನ್ನ ಬಾಡಿಗೆ ಕೋಣೆ ಕಣ್ಣ ಮುಂದೆ ಬಂತು. ಅಲ್ಲಿ ಪಟ್ಟಿಯೂ ಇರಲಿಲ್ಲ.

ಭೂತಗನ್ನಡಿ ಹಿಡಿದು ಒಂದೊಂದೇ ವಿಮಾನದ ಗೂಡು ನೋಡುತ್ತ ಬಂದಳು. ಹಳೆಯವುಗಳಲ್ಲಿ ಬೆಲ್ಟಿನ ಸುತ್ತ ಬೂಷ್ಟು ಹಿಡಿದಂಥ ಬಿಳಿ ಮಸುಕು. ಕ್ಷಣಾರ್ಧದಲ್ಲಿ ಹಿಡಿಯುವ ಪೇಟೆ ಅಂಟು ಒಣಗುವಾಗ ಬಿಡುವ ಮಸುಕು ಅದು. ಕೊನೆಯ ಐದು ವಿಮಾನಗಳಲ್ಲಿ ಮಸುಕೇ ಇಲ್ಲ. ಬಕಲ್ಲಿನ ಅಡಿಯಲ್ಲಿ ಜೇನಿನ ಬಣ್ಣದ ಒಂದು ಚುಕ್ಕೆ ಮಾತ್ರ.

ಮೇಜಿನ ಮೇಲಿದ್ದ ಹೊಸ ಕುರ್ಚಿಯಲ್ಲೂ ಅದೇ ಜೇನಿನ ಬಣ್ಣ.

"ಕಡ್ಡಿಪೆಟ್ಟಿಗಿ ಅದ ಏನ್ರಿ?"

ಐದರಲ್ಲಿ ಹಳೆಯದೊಂದನ್ನು ತೆಗೆದು, ಕಾಯಿಸಿದ ಗುಂಡುಸೂಜಿಯನ್ನು ಆ ಚುಕ್ಕೆಗೆ ತಾಗಿಸಿದಳು. ಸಣ್ಣಗೆ ಹೊಗೆ ಎದ್ದಿತು. ಪೀರಪ್ಪ ಮೂಗು ಅರಳಿಸಿದ.

"ಅರಗ್ರೀ ಇದು! ದಿನಾ ಮುದ್ರಿ ಒತ್ತತೀನಿ, ನನಗ ಗೊತ್ತಾಗಂಗಿಲ್ಲೇನು?"

"ಪೊಲೀಸರು ಬಿಟ್ರ ಅರಗು ಇಟ್ಕೊಳ್ಳೋರು ಯಾರು?"

"ಅಕ್ಕಸಾಲಿಗರು. ಬಳಿ ಮಾಡೋರು."

"ಗಡಿಯಾರ ರಿಪೇರಿಯವರು," ಎಂದಳು ಜಟ್ಟೆಮ್ಮ.

ಮೇಜಿನ ಸೆಳೆಖಾನೆಯಲ್ಲಿ ನರರೋಗ ವೈದ್ಯರ ಚೀಟಿ ಇತ್ತು. ಕೈನಡುಕಕ್ಕೆ ಮಾತ್ರೆ, ಒಂದೂವರೆ ವರ್ಷದಿಂದ. ಅಂಟು ಬದಲಾದದ್ದೂ ಒಂದೂವರೆ ವರ್ಷದಿಂದಲೇ. ದೊಡ್ಡ ಭಾಗಗಳನ್ನು ಉಜ್ಜಿ ಜೋಡಿಸುವ ಕೆಲಸ ಆತ ಹೇಗೋ ಮಾಡಿಕೊಂಡಿರಬೇಕು. ಈ ಹಿತ್ತಾಳೆಯ ಚೂರುಗಳನ್ನು ಮುಟ್ಟುವುದು ಆ ಕೈಗಳಿಂದ ಆಗುತ್ತಿರಲಿಲ್ಲ.

ಬಿದ್ದು ಸತ್ತಾಗ ಆತನ ತಲೆಗೆ ಕಟ್ಟುಕನ್ನಡಿ ಇತ್ತು. ಕೆಲಸ ಮಾಡುವಾಗ ಹಣೆಗೆ ಕಟ್ಟಿಕೊಂಡು ಕಣ್ಣ ಮೇಲೆ ಇಳಿಸಿಕೊಳ್ಳುವ ಭೂತಗನ್ನಡಿ. ಅದನ್ನು ಹಾಕಿಕೊಂಡು ಯಾರೂ ಮೆಟ್ಟಿಲಿಳಿಯುವುದಿಲ್ಲ. ಕಾಲ ಕೆಳಗಿನ ನೆಲವೇ ಕಾಣುವುದಿಲ್ಲ. ಕೆಲಸದ ನಡುವೆ ಯಾರೋ ಬಂದು ಎಬ್ಬಿಸಿದ್ದಾರೆ. ಹೋಗುವಾಗ ಆತನ ಫೋನನ್ನೂ ಒಯ್ದಿದ್ದಾರೆ. ಒಂಬತ್ತು ದಿನದಿಂದ ಅವಳು ಇದನ್ನೇ ಹೇಳುತ್ತಿದ್ದಳು. ಫೋನು ದಾರಿಹೋಕರ ಪಾಲಾಗಿದೆ, ಶನಿವಾರದೊಳಗೆ ಫೈಲ್ ಮುಚ್ಚಿ ಎಂದು ಇನ್‌ಸ್ಪೆಕ್ಟರ್ ಹೇಳಿಬಿಟ್ಟಿದ್ದರು.

ಹಿಂದಿನ ತಾರಸಿ ಬಾಗಿಲಿಗೆ ಹೋಗಿ ನೋಡಿದಳು. ಒಳಗಿಂದ ತಾನಾಗಿ ಬಿದ್ದುಕೊಳ್ಳುವ ಲಾಕು, ಹೊರಗಿಂದ ಕೀಲಿ ಹಾಕಿ ತೆರೆಯಬಹುದು. ಮಹಜರಿನಲ್ಲಿ 'ಭದ್ರವಾಗಿದೆ' ಎಂದು ಬರೆದು ಬಿಟ್ಟಿದ್ದರು, ಮುದ್ರೆ ಒತ್ತಿರಲಿಲ್ಲ. ತಾರಸಿಯಿಂದ ಹಿಂದಿನ ಓಣಿಗೆ ಇಳಿಯುವ ಸುರುಳಿ ಮೆಟ್ಟಿಲ ಕಟಕಟೆಯ ಧೂಳು ಒಂದು ಕೈಯಗಲ ಅಳಿಸಿಹೋಗಿತ್ತು. ಹಿಡಿದು ಹಿಡಿದು ಹತ್ತಿದವರ ಕೈ. ವಯಸ್ಸಾದವರದು.

ಗೇಟಿನ ಎದುರು ಮುನಿವೆಂಕಟಮ್ಮ ಹೂ ಕಟ್ಟುತ್ತ ಕೂತಿದ್ದಳು. ಹೆಣವನ್ನು ಮೊದಲು ಕಂಡವಳು ಅವಳೇ.

"ಅಜ್ಜಿ, ಅವ್ರ ಮನೆಗೆ ಯಾರೂ ಬರ್ತಿರ್ಲಿಲ್ಲ ಅಂದ್ರಲ್ಲ, ಯೋಚ್ನೆ ಮಾಡಿ ಹೇಳಿ."

"ಅಯ್ಯೋ, ಯಾರು ಬತ್ತಾರವ್ವ? ಗ್ಯಾಸ್‌ನವ್ನು. ಆಮೇಲೆ ಗಾಡೀಲಿ ಬ್ಯಾಗ್ ನೇತಾಕ್ಕಂಡು ಬರ್ತಾರಲ್ಲ, ಡೆಲಿವರಿಯೋರು. ಅವ್ರ ಕೈಗೆ ಒಂದು ಮಾತ್ರೆ ಡಬ್ಬಿ ಕೊಟ್ಟು ಕಳ್ಸೋರು. ನಾಕು ದಿನ ಬಿಟ್ಟು ಅದೇ ಡಬ್ಬಿ ವಾಪಸ್ ಬರೋದು. ಕೊಡೋವಾಗ ಕೈ ಗಡಗಡ ನಡುಗೋದು ಕಣವ್ವ. ನಂಗೇ ಅಯ್ಯೋ ಅನ್ಸೋದು."

"ಡಬ್ಬಿ ಎಲ್ಲಿಗೆ ಹೋಗ್ತಿತ್ತು ಅಂತ ಕೇಳಿದ್ರಾ?"

"ಒಂದ್ಸಲ ಕೇಳ್ದೆ. ಡಾಕ್ಟ್ರ ಹತ್ರ ಅಂದು ನಕ್ರು. ಆವಪ್ಪ ನಕ್ಕಿದ್ದು ನಾನು ನೋಡಿದ್ದೇ ಅವತ್ತು."

ಕರೆಗಳ ಪಟ್ಟಿ ಫೋನ್ ಕಂಪನಿಯಿಂದ ನಿನ್ನೆ ಸಂಜೆಯಷ್ಟೇ ಬಂದಿತ್ತು. ಎರಡು ವರ್ಷದಿಂದ ದಿನಾ ಸಂಜೆ ಏಳರ ಸುಮಾರಿಗೆ ಒಂದೇ ನಂಬರಿಗೆ ಕರೆ. ಒಂದೊಂದು ಕರೆಯೂ ಎರಡು ಗಂಟೆ. ನಂಬರು ಶಿವಾಜಿನಗರದ ಮುನಾವರ್ ಎಂಬುವವನದು. ಕಸುಬು, ಗಡಿಯಾರ ರಿಪೇರಿ.

ಮಧ್ಯಾಹ್ನ ಜೀಪಿನಲ್ಲೇ ಪೀರಪ್ಪ ತಂದಿದ್ದ ಜೋಳದ ರೊಟ್ಟಿ ಬಿಚ್ಚಿದರು. ಪೀರಪ್ಪ ಲಿಂಗಸುಗೂರಿನವನು, ಅವಳು ಸುರಪುರದ ಕಡೆಯವಳು. ಇಡೀ ಠಾಣೆಯಲ್ಲಿ ಅವಳು ಊರ ಮಾತು ಆಡುತ್ತಿದ್ದುದು ಅವನೊಬ್ಬನ ಜೊತೆ.

"ಆ ಸಾಬ ಒಪ್ಕೊಂಡಾನು ಅಂತೀರೇನು?" ಎಂದು ಪೀರಪ್ಪ ಕೇಳಿದ.

"ನೋಡೋಣ್ರಿ."

* * *

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಗೆ ಜೀಪು ಹೋಗುವಂತಿರಲಿಲ್ಲ. ಪೀರಪ್ಪನನ್ನು ಜೀಪಿನ ಬಳಿ ಬಿಟ್ಟು ಜಟ್ಟೆಮ್ಮ ಒಬ್ಬಳೇ ನಡೆದಳು.

ಅಂಗಡಿ ಎನ್ನುವುದಕ್ಕಿಂತ ಗೋಡೆಯಲ್ಲಿ ಮಾಡಿದ ಕಪಾಟು ಎನ್ನಬಹುದು. ಒಬ್ಬ ಕೂತು ಕೆಲಸ ಮಾಡುವಷ್ಟು, ಒಬ್ಬ ಗಿರಾಕಿ ಸ್ಟೂಲಿನ ಮೇಲೆ ಕೂರುವಷ್ಟು ಜಾಗ. ಬಿಳಿಗಡ್ಡದ ಮುನಾವರ್ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರದ ಹೊಟ್ಟೆ ಬಿಚ್ಚಿದ್ದ. ಬಲಗೈಯಲ್ಲಿ ಚಿಮಟ, ಎಡಗೈಯಲ್ಲಿ ಗಡಿಯಾರ.

ಆದರೆ ಅಂಗಡಿಯಲ್ಲಿ ಯಾರೋ ಅರದಿಂದ ಉಜ್ಜುತ್ತಿದ್ದರು. ಕರ್... ಕರ್... ಕರ್... ನಡುವೆ ಒಂದು ಕೆಮ್ಮು. ಮತ್ತೆ ಕರ್... ಕರ್...

ಸದ್ದು ಬರುತ್ತಿದ್ದದ್ದು ಬೆಂಚಿನ ಮೇಲಿನ ಫೋನಿನಿಂದ.

ಖಾಕಿ ಕಂಡದ್ದೇ ಮುನಾವರ್ ಫೋನಿನ ಮೇಲೆ ಕೈಯಿಟ್ಟ. ಸದ್ದು ನಿಂತಿತು.

"ಏನದು?" ಎಂದಳು ಜಟ್ಟೆಮ್ಮ.

"ರೇಡಿಯೊ, ಮೇಡಂ."

"ರೇಡಿಯೊದಲ್ಲಿ ಅರ ಉಜ್ಜುತಾರಾ?"

ಅವನು ಮಸೂರ ತೆಗೆದು ಕಣ್ಣೊರೆಸಿಕೊಂಡ. "ಗಡಿಯಾರ ಇದ್ರೆ ಕೊಡಿ ಮೇಡಂ. ಕೆಲಸ ಬಹಳ ಇದೆ."

ಜಟ್ಟೆಮ್ಮ ಸ್ಟೂಲಿನ ಮೇಲೆ ಕೂತು, ಇವತ್ತು ತೆಗೆದ ಫೋಟೊವನ್ನು ಅವನ ಮುಂದಿಟ್ಟಳು. "ಈ ಕುರ್ಚಿ ಗೊತ್ತಾ?"

"ಇಲ್ಲ."

"ಲಕ್ಷ್ಮಿಕಾಂತ ಅನ್ನೋರು ಗೊತ್ತಾ?"

"ಗಿರಾಕಿ. ಯಾವಾಗ್ಲೋ ಬರ್ತಿದ್ರು. ಚಿಮಟ ತಗೊಂಡು ಹೋಗ್ತಿದ್ರು."

"ಯಾವಾಗ್ಲೋ ಬರೋ ಗಿರಾಕಿ ಜೊತೆ ಎರಡು ವರ್ಷ, ದಿನಾ ಎರಡೆರಡು ಗಂಟೆ ಫೋನು?" ಅವಳು ಬೆಂಚಿನ ಮೂಲೆಗೆ ಬೆರಳು ತೋರಿಸಿದಳು. "ಆ ಬಾಟ್ಲಿಲಿ ಜೇನುತುಪ್ಪದ ಥರ ಇರೋದು ಏನು?"

"ಅರಗು. ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಗಡಿಯಾರದ ಕಲ್ಲು ಕೂರಿಸೋಕೆ."

"ಬೆಲ್ಟು ಕೂರಿಸೋಕೂ ಅದೇನಾ?"

ಮುನಾವರ್ ಬಾಟಲಿಯ ಮುಚ್ಚಳ ಬಿಗಿದು ಪಕ್ಕಕ್ಕೆ ಸರಿಸಿದ.

"ನೋಡಿ ಸಾಹೇಬ್ರೇ. ಸೀಲ್ ಮಾಡಿದ ಮನೆಗೆ ಹಿಂದಿನಿಂದ ನುಗ್ಗಿದೀರಿ. ಸತ್ತವರ ಫೋನ್ ಕಾಣ್ತಿಲ್ಲ. ಅವರು ಬಿದ್ದ ಸೋಮವಾರ ಸಂಜೆ ಏಳೂ ಐವತ್ತೆರಡಕ್ಕೆ ಕಟ್ಟಾದ ಕರೆ ನಿಮ್ಮ ಜೊತೆಗಿದ್ದದ್ದು. ಒಂಬತ್ತು ದಿನ ಬಾಯಿ ಬಿಡ್ಲಿಲ್ಲ. ನಾನೇನ್ ಅಂದ್ಕೋಬೇಕು? ನೀವೇ ತಳ್ಳಿದ್ರಿ ಅಂತ ಬರ್ಕೊಳ್ಲಾ?"

"ತಳ್ಳೋದಾ?" ಅವನ ದನಿ ಒಡೆಯಿತು. "ಯಾರನ್ನ ಮೇಡಂ ತಳ್ಳೋದು? ಬಿದ್ರು ಅಂದ್ರು ಎಲ್ಲಾ. ಕಾಲು ಜಾರಿ ಬಿದ್ರು ಅಂದ್ರು."

ಆ ಮುಖದ ಮೇಲಿನ ಭಯ ಅವನು ತನಗಾಗಿ ಪಟ್ಟದ್ದಲ್ಲ ಎಂದು ಜಟ್ಟೆಮ್ಮನಿಗೆ ತಿಳಿಯಿತು. ಅವಳು ದನಿ ಇಳಿಸಿದಳು.

"ಎರಡು ಗಂಟೆ ಏನ್ ಮಾತಾಡ್ತಿದ್ರಿ?"

"ಮಾತಾಡ್ತಿರ್ಲಿಲ್ಲ."

"ಅಂದ್ರೆ?"

"ಫೋನ್ ಸ್ಪೀಕರ್‌ಗೆ ಹಾಕಿ ಬೆಂಚಿನ ಮೇಲೆ ಇಟ್ಬಿಡ್ತಿದ್ದೆ. ಅವರೂ ಅವರ ಟೇಬಲ್ ಮೇಲೆ ಇಡ್ತಿದ್ರು. ನಾನು ಇಲ್ಲಿ ಗಡಿಯಾರ, ಅವರು ಅಲ್ಲಿ ವಿಮಾನ. ಅವರು ಉಜ್ಜೋದು ನಂಗೆ ಕೇಳಿಸ್ತದೆ. ನಂದು ಟಿಕ್ ಟಿಕ್ ಅವರಿಗೆ ಕೇಳಿಸ್ತದೆ. ನಡುವೆ ಒಂದೊಂದು ಮಾತು. 'ಮುನಾವರ್, ಊಟ ಆಯ್ತಾ?' 'ಸಾಬ್, ನಿಮ್ಮ ಹಾಲು ಉಕ್ತಾ ಇದೆ.' ಅಷ್ಟೇ. ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮಗಳು ತೂಬಾ ಕಲ್ಯಾಣ ನಗರದಲ್ಲಿದಾಳೆ, ಅವಳ ಸಂಸಾರ ಅವಳಿಗೆ. ಸಂಜೆ ಆದ್ರೆ..." ಅವನು ಕೈಚೆಲ್ಲಿದ. "ಯಾರೋ ಒಬ್ಬರು ಇದಾರೆ ಅನ್ನಿಸ್ತಿತ್ತು ಮೇಡಂ. ಅಷ್ಟಕ್ಕೇ."

ಗಲ್ಲಿಯಲ್ಲಿ ಯಾರೋ ತಳ್ಳುಗಾಡಿಗೆ ದಾರಿ ಬಿಡಿ ಎಂದು ಕೂಗುತ್ತಿದ್ದರು.

"ಅವರ ಕೈ ನಡುಗೋಕೆ ಶುರು ಆಯ್ತು. ಹೇಳಲಿಲ್ಲ ನನಗೆ. ಸದ್ದಿನಲ್ಲೇ ಗೊತ್ತಾಯ್ತು. ಚಿಮಟ ಬೀಳೋದು. ಎತ್ಕೊಳ್ಳೋದು. ಮತ್ತೆ ಬೀಳೋದು. ಒಂದು ಸಂಜೆ ಹತ್ತು ಸಲ ಬಿತ್ತು. ಆಮೇಲೆ ಏನೂ ಸದ್ದಿಲ್ಲ. ಅಳ್ತಿದ್ರು ಅನ್ನಿಸ್ತು. ನಾನೇ ಹೇಳ್ದೆ, ಸಾಬ್, ಆ ಸಣ್ಣ ಸಾಮಾನು ಡಬ್ಬಿಲಿ ಹಾಕಿ ಕಳಿಸಿ, ನಾನು ಕೂರಿಸಿ ಕೊಡ್ತೀನಿ ಅಂತ. ಕುರ್ಚಿ, ಬೆಲ್ಟು, ಗಡಿಯಾರದ ಫಲಕ, ಎಲ್ಲಾ ಇಲ್ಲೇ ಆಗೋದು. ಮುಗಿಸಿ ಕಳಿಸಿದ್ರೆ ಅವರು ಗೂಡಿನಲ್ಲಿ ಇಡೋರು. ಅದೊಂದು ಹೇಗೋ ಮಾಡ್ಕೊಳ್ಳೋರು."

"ಅಂದ್ರೆ ಅವರು ತೀರಿಕೊಂಡಾಗ ಈ ಕುರ್ಚಿ ನಿಮ್ಮ ಹತ್ರ ಇತ್ತು."

"ನಾಲ್ಕನೇ ಬೆಲ್ಟು ಒಣಗ್ತಾ ಇತ್ತು."

"ಮನೆ ಕೀ?"

ಮುನಾವರ್ ಅಂಗಿಯ ಒಳಜೇಬಿನಿಂದ ಕೀಲಿ ತೆಗೆದು ಬೆಂಚಿನ ಮೇಲಿಟ್ಟ. ಅದನ್ನು ನೋಡಲಾರದೆ ಮುಖ ತಿರುಗಿಸಿದ.

"ಹೋದ ಚಳಿಗಾಲದಲ್ಲಿ ಡಬ್ಬಿಲೇ ಹಾಕಿ ಕಳಿಸಿದ್ರು. ಹಿಂದಿನ ಬಾಗಿಲದು. 'ಮುನಾವರ್, ಯಾವತ್ತಾದ್ರೂ ಸಂಜೆ ನನ್ನ ಸದ್ದು ನಿಂತ್ಹೋದ್ರೆ ಬಂದು ನೋಡು, ಇನ್ನು ಯಾರೂ ನೋಡೋರಿಲ್ಲ' ಅಂದ್ರು."

"ಆ ಸೋಮವಾರ?"

"ರಾತ್ರಿಯ ಇಶಾ ನಮಾಜಿಗೆ ಎದ್ದು ಹೋದೆ. ದಿನಾ ಹಂಗೇ, ಅವರಿಗೆ ಗೊತ್ತು. ಇಪ್ಪತ್ತು, ಇಪ್ಪತ್ತೈದು ನಿಮಿಷ ನಾನಿರಲ್ಲ, ಫೋನ್ ಇಲ್ಲೇ ಇರ್ತದೆ, ಲೈನ್ ಚಾಲೂ ಇರ್ತದೆ. ವಾಪಸ್ ಬಂದು ನೋಡ್ತೀನಿ, ಕಟ್ಟಾಗಿದೆ. ಮಾಡ್ದೆ. ಸ್ವಿಚ್ ಆಫ್. ಮತ್ತೆ ಮಾಡ್ದೆ. ನಂಗೆ ಸರಿ ಅನ್ನಿಸ್ಲಿಲ್ಲ. ಅಂಗಡಿ ಬಾಗಿಲು ಎಳೆದು ಬಸ್ ಸ್ಟ್ಯಾಂಡಿಗೆ ಹೋದೆ."

ಅವನು ಚಿಮಟ ಎತ್ತಿ ಮತ್ತೆ ಕೆಳಗಿಟ್ಟ.

"ಹೋಗಿ?"

"ಬಸ್ ಬಂತು ಮೇಡಂ. ಹತ್ತಲಿಲ್ಲ."

"ಯಾಕೆ?"

"ನಾಚಿಕೆ ಆಯ್ತು. ಎರಡು ವರ್ಷದಲ್ಲಿ ಅವರ ಮನೆ ಹೊಸ್ತಿಲು ತುಳಿದವನಲ್ಲ. ಬನ್ನಿ ಅಂತ ಅವರು ಕರೆದಿಲ್ಲ, ನಾನು ಕೇಳಿಲ್ಲ. ಫೋನಿನ ಬ್ಯಾಟರಿ ಹೋಗಿರ್ತದೆ, ಇಷ್ಟು ಸಣ್ಣದಕ್ಕೆ ಓಡಿ ಬಂದ ಅಂತ ನಕ್ರೆ ಏನ್ಮಾಡ್ಲಿ ಅನ್ನಿಸ್ತು. ಬಸ್ ಹೋಯ್ತು. ಇನ್ನೊಂದು ಬಂತು, ಅದೂ ಹೋಯ್ತು. ನಾನು ಮನೆಗೆ ಹೋಗಿ ಮಲ್ಕೊಂಡೆ. ಅವರು ಅಲ್ಲಿ ಮೆಟ್ಟಿಲ ಕೆಳಗೆ ಬಿದ್ದಿದ್ರು. ನನ್ನ ಜೇಬಲ್ಲಿ ಕೀ ಇತ್ತು."

ಜಟ್ಟೆಮ್ಮ ಎದುರಿಗಿದ್ದ ಗಡಿಯಾರಗಳನ್ನು ನೋಡಿದಳು. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಬಿದ್ದ ತಕ್ಷಣ ಕತ್ತು ಮುರಿದಿದೆ, ನೀವು ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಶವಪರೀಕ್ಷೆಯಲ್ಲಿ ಹಾಗೇ ಬರೆದಿತ್ತು. ಹೇಳಿದಳು ಕೂಡ. ಮುನಾವರ್ ತಲೆಯಾಡಿಸಿದ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

"ಬುಧವಾರ ಹೋದೆ," ಎಂದು ಅವನೇ ಮುಂದುವರಿಸಿದ. "ಹೂವಿನ ಅಮ್ಮ ಹೇಳಿದ್ಲು. ಕಾರ್ಖಾನೆಯ ಹಳಬರು ನಾಲ್ಕು ಜನ ಬಂದು ಬೆಂಕಿ ಕೊಟ್ರಂತೆ. ನಂಗೆ ಹೇಳೋರು ಯಾರು? ನಾನು ಯಾರು ಅವರಿಗೆ? ವಾಪಸ್ ಬಂದೆ. ಕುರ್ಚಿ ಬೆಂಚಿನ ಮೇಲೆ ಕೂತಿತ್ತು. ಅದು ನಂದಲ್ಲ ಮೇಡಂ. ಅವರ ಸಾಮಾನು. ಕೊಡಬೇಕಿತ್ತು. ಭಾನುವಾರ ಮಧ್ಯಾಹ್ನ ಹಿಂದಿನಿಂದ ಹತ್ತಿ ಹೋದೆ."

"ಒಳಗೆ ಏನೇನು ಮುಟ್ಟಿದ್ರಿ?"

"ಏನೂ ಇಲ್ಲ. ಹುಡುಕೋ ಹಂಗೇ ಇರಲಿಲ್ಲ. ಎಲ್ಲಿ ಏನಿದೆ ಅಂತ ಸದ್ದಿನಲ್ಲೇ ಗೊತ್ತಿತ್ತು. ಟಕ್ ಟಕ್ ಅನ್ನೋ ಫ್ಯಾನು ತಲೆ ಮೇಲೆ. ಅಡಿಗೆಮನೆ ಎಡಕ್ಕೆ. ಟೇಬಲ್ ಕಿಟಕಿ ಪಕ್ಕ, ರೈಲಿನ ಸದ್ದು ಆ ಕಡೆಯಿಂದ ಬರ್ತಿತ್ತು. ಅವರ ಕುರ್ಚಿಲಿ ಕೂತು ವಿಮಾನದ ಕುರ್ಚಿ ಇಟ್ಟೆ. ಒಂದು ಚುಕ್ಕೆ ಅರಗು. ಒಣಗೋವರೆಗೂ ಕೂತಿದ್ದೆ. ಆಮೇಲೆ ಬಂದ್ಬಿಟ್ಟೆ. ಜೈಲಿಗೆ ಹಾಕ್ತೀರಾ ಹಾಕಿ."

ಜಟ್ಟೆಮ್ಮ ಕೀಲಿಯನ್ನು ಎತ್ತಿ ಕವರಿಗೆ ಹಾಕಿದಳು. ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಲಕ್ಷ್ಮಿಕಾಂತ ಎಂಬ ಮನುಷ್ಯನಿಗಾಗಿ ಅಳುವವನೊಬ್ಬ ಅವಳಿಗೆ ಸಿಕ್ಕಿದ್ದ. ಆದರೆ ಕೊಂದವನು ಇವನಲ್ಲದಿದ್ದರೆ, ಅವಳ ಕೈಯಲ್ಲಿ ಮತ್ತೆ ಏನೂ ಉಳಿದಿರಲಿಲ್ಲ.

"ನಾನು ಬಂದಾಗ ಕೇಳಿಸ್ತಿದ್ದ ಸದ್ದು ಅವರದೇ ಅಲ್ವಾ?"

ಮುನಾವರ್ ತಲೆ ತಗ್ಗಿಸಿದ. "ಫೋನ್ ಕೊಡಿಸಿದಾಗ ತೂಬಾ ಎಲ್ಲಾ ಕಾಲೂ ತಾನೇ ರೆಕಾರ್ಡ್ ಆಗೋ ಹಂಗೆ ಮಾಡಿದ್ಲು. ಗಿರಾಕಿಗಳು ಹೇಳಿದ್ದು ನಾನು ಮರೀತೀನಿ ಅಂತ. ಹಳೇವು ಹಂಗೇ ಇದಾವೆ. ಈಗ ಕೆಲಸಕ್ಕೆ ಕೂತಾಗ ಒಂದೊಂದು ಹಾಕ್ಕೋತೀನಿ. ಇವತ್ತಿಂದು ಹೋದ ವರ್ಷದ ರಂಜಾನ್ ತಿಂಗಳದು."

ಜಟ್ಟೆಮ್ಮನ ಬೆನ್ನು ನೆಟ್ಟಗಾಯಿತು.

"ಎಲ್ಲಾ ಕಾಲೂ?"

"ಹೌದು."

"ಆ ಸೋಮವಾರದ್ದೂ?"

ಮುನಾವರ್ ಫೋನನ್ನು ಅವಳ ಕಡೆ ಸರಿಸಿದ. "ಇದೆ. ಕೇಳಿಲ್ಲ. ನಾನಿಲ್ಲದಾಗ ಅವರು ನನ್ನ ಕರೆದಿದ್ರೆ? ಬಿದ್ದು ಕೂಗಿದ್ರೆ? ಧೈರ್ಯ ಇಲ್ಲ ಮೇಡಂ. ನೀವೇ ಕೇಳ್ಕೊಳಿ. ನಾನು ಹೊರಗೆ ನಿಲ್ತೀನಿ."

ಅವನು ಏಳುವುದರಲ್ಲಿದ್ದ. ಜಟ್ಟೆಮ್ಮ ಅವನ ತೋಳು ಹಿಡಿದಳು.

"ಬೇಡ. ಕೂತ್ಕೊಳಿ. ಇಬ್ಬರೂ ಕೇಳೋಣ."

ಅವನ ಬೆರಳುಗಳು, ಎಳ್ಳಿನ ಅರ್ಧದಷ್ಟು ಬಕಲ್ಲನ್ನು ಅಲುಗದಂತೆ ಕೂರಿಸುವ ಬೆರಳುಗಳು, ಫೋನಿನ ಮೇಲೆ ಎರಡು ಸಲ ತಪ್ಪಿದವು. ಮೂರನೆಯ ಸಲ ಸರಿಯಾಗಿ ಒತ್ತಿದ.

ಫ್ಯಾನಿನ ಟಕ್ ಟಕ್. ಅರದ ಕರ್ ಕರ್. ದೂರದಲ್ಲಿ ರೈಲು. ತೆಳುವಾದ, ಮರ್ಯಾದೆಯ ದನಿಯೊಂದು: "ಮುನಾವರ್, ಬೆಲ್ಟು ಆಯ್ತಾ?" ಮುನಾವರನದೇ ದನಿ: "ಮೂರು ಆಯ್ತು ಸಾಬ್. ನಾಲ್ಕನೇದು ಈಗ."

ಪಕ್ಕದಲ್ಲಿ ಮುನಾವರ್ ಬಾಯಿಗೆ ಕೈ ಅಡ್ಡ ಹಿಡಿದ.

ಜಟ್ಟೆಮ್ಮ ಮುಂದಕ್ಕೆ ಸರಿಸಿದಳು. ಮುನಾವರ್ "ಬರ್ತೀನಿ ಸಾಬ್" ಎಂದು ಎದ್ದುಹೋದ ಸದ್ದು. ಅರ ಒಂದೇ ಸಮನೆ ಉಜ್ಜುತ್ತಿತ್ತು. ಐದು ನಿಮಿಷ. ಆರು.

ಕರೆಗಂಟೆ.

ಅರ ನಿಂತಿತು. ಕುರ್ಚಿ ಹಿಂದಕ್ಕೆ ಸರಿಯಿತು. ನಿಧಾನದ ಹೆಜ್ಜೆಗಳು. ಚಿಲಕ. ಬಾಗಿಲ ಬಳಿ ಒಂದು ಗಂಡಸಿನ ದನಿ, ಬಹಳ ತಗ್ಗಿದ್ದು, ಒಂದಕ್ಷರವೂ ತಿಳಿಯಲಿಲ್ಲ.

ಲಕ್ಷ್ಮಿಕಾಂತನ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ಸಂತೋಷವಿತ್ತು. ಬಹಳ ದಿನದ ಮೇಲೆ ಮನೆಗೆ ಯಾರೋ ಬಂದರೆಂಬ ಸಂತೋಷ.

"ಸ್ಟೇಷನ್ನಿಂದ ಬಂದ್ರಾ? ಬನ್ನಿ, ಬನ್ನಿ. ಹಾಗಾದ್ರೆ ನನ್ನ ಕಾಗದ ತಲುಪಿದೆ."

ಮತ್ತೆ ಆ ತಗ್ಗಿದ ದನಿ.

"ಜಟ್ಟೆಮ್ಮ ಮೇಡಂ ಬರ್ಲಿಲ್ವಾ? ಅವರ ಹೆಸರಿಗೇ ಬರೆದಿದ್ದೆನಲ್ಲ. ಅವರೊಬ್ಬರೇ ಓದ್ಬೇಕು ಅಂತ ಲಕೋಟೆ ಮೇಲೂ ಹಾಕಿದ್ದೆ. ನೀವು ಹೇಗೆ ಒಡೆದ್ರಿ ಅದನ್ನ?"

ಆಮೇಲೆ ಮಾತಿಲ್ಲ. ಬೂಟಿನ ಹೆಜ್ಜೆಗಳು ಮೇಜಿನ ಕಡೆಗೆ ಬಂದವು. ಫೋನಿನ ತೀರಾ ಹತ್ತಿರ ಒಂದು ಉಸಿರು ಕೇಳಿಸಿತು. ಲೈನು ಕಡಿದುಹೋಯಿತು.

ಮುನಾವರ್ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿದ. ಮುಖ ನೋಡಿದ. "ಮೇಡಂ... ಅವರು ನಿಮಗೆ ಕಾಗದ ಬರೆದಿದ್ರಾ?"

ಜಟ್ಟೆಮ್ಮನಿಗೆ ಯಾವ ಕಾಗದವೂ ಬಂದಿರಲಿಲ್ಲ. ಬಂದಿದ್ದರೆ ಅವಳು ಹೋಗುತ್ತಿದ್ದಳು. ಆ ಮೆಟ್ಟಿಲು ಹತ್ತಿ, ಆ ಗಂಟೆ ಒತ್ತಿ, ಆ ಸಂತೋಷದ ದನಿ ಅವಳಿಗಾಗಿಯೇ ಬಾಗಿಲು ತೆರೆಯುತ್ತಿತ್ತು. ಕಣ್ಣು ಉರಿಯಿತು. ಆದರೆ ತಲೆ ಆಗಲೇ ಬೇರೆ ಲೆಕ್ಕ ಹಾಕುತ್ತಿತ್ತು. ಠಾಣೆಗೆ ದಿನಾ ಹನ್ನೊಂದಕ್ಕೆ ಅಂಚೆ ಬರುತ್ತದೆ. ಸಹಿ ಹಾಕಿ ತೆಗೆದುಕೊಳ್ಳುವವನು, ವಿಂಗಡಿಸಿ ಅವರವರ ಮೇಜಿಗೆ ಇಡುವವನು ಒಬ್ಬನೇ. ದಿನಾ ಅರಗಿನ ಮುದ್ರೆ ಒತ್ತುವವನೂ ಅವನೇ.

ಗಲ್ಲಿಯ ಬೆಳಕಿಗೆ ಯಾರೋ ಅಡ್ಡ ಬಂದರು.

"ಆತೇನ್ರಿ ಮೇಡಂ?" ಪೀರಪ್ಪ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತಿದ್ದ. "ಬಾಳ ಹೊತ್ತಾತು, ಅದಕ್ಕಽ ನಾನಽ ಬಂದೆ. ಏನರ ಹೇಳಿದ್ನೇನು ಈತ?"

"ಇಲ್ರಿ," ಎಂದಳು ಜಟ್ಟೆಮ್ಮ. "ಏನೂ ಹೇಳ್ಲಿಲ್ಲ."

ಪೀರಪ್ಪ ಅವಳನ್ನು ನೋಡಲಿಲ್ಲ. ಅವನ ಕಣ್ಣು ಬೆಂಚಿನ ಮೇಲಿತ್ತು. ಒಂದು ಹೆಜ್ಜೆ ಒಳಗಿಟ್ಟು, ಅವನು ಕೈ ಚಾಚಿದ.

"ಆ ಫೋನ್ ಯಾರದ್ರೀ ಮೇಡಂ?"